ಶಾಂತಪ್ಪನ ಸಿಟ್ಟು

ಬೆಳಿಗ್ಗೆ ಹತ್ತರ ಸ್ಟ್ಯಾಂಡಪ್ ಕಾಲ್ ನಡೀತಿತ್ತು. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡೇ ಶಾಂತಪ್ಪನ ತಟ್ಟೆ ಎತ್ತೋಕೆ ಪಂಜರದೊಳಗೆ ಕೈ ಹಾಕಿದೆ. ಛಟೀರ್! ಮುಂಗೈ ಮೇಲೆ ಬಾರುಕೋಲಿನ ಏಟು ಬಿದ್ದಂಗಾಯ್ತು. ಬಾಯಿಂದ ಬಂದ ಅಪ್ಪಟ ಕುರ್ಡಿ ಬೈಗುಳ ಇಡೀ ಟೀಮಿಗೆ ಕೇಳಿಸಿತು. ಮೈಕ್ ಆನ್ ಇತ್ತು.

ಶಾಂತಪ್ಪ ಅಂದ್ರೆ ನಮ್ಮ ಮನೆಯ ಇಗ್ವಾನಾ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರಗಳ ಮೇಲೆ ಬದುಕೋ ಹಸಿರು ಪ್ರಾಣಿ. ವಿದೇಶಕ್ಕೆ ಹೊರಟ ಸಹೋದ್ಯೋಗಿಯೊಬ್ಬರು 'ಎರಡೇ ತಿಂಗಳು ನೋಡ್ಕೊಳ್ಳಿ' ಅಂತ ಬಿಟ್ಟು ಹೋದರು, ವಾಪಸ್ ಬರಲಿಲ್ಲ. 2024ರ ನಿಯಮದ ಪ್ರಕಾರ ಇಂಥ ವಿದೇಶಿ ಪ್ರಾಣಿ ಸಾಕೋರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹಾಗಾಗಿ ಕೊನೆಗೆ ಅದೂ ನನ್ನ ಹೆಸರಿಗೇ ಆಯ್ತು. ಬಂದಾಗ ಮೊಳದಷ್ಟಿದ್ದ. ಈಗ ಬಾಲ ಸೇರಿ ನಾಲ್ಕಡಿ.

ಫೋಟೋ ನೋಡಿದ ಅವ್ವ, 'ಉಡ ಯಾಕ ತಂದಿಯೋ, ಪೊಲೀಸ್ರು ಹಿಡಕೊಂಡು ಹೋಗ್ತಾರ' ಅಂತ ಗಾಬರಿಯಾದಳು. ಉಡ ಅಲ್ಲವ್ವ, ಇದು ಬರೀ ಸೊಪ್ಪು ತಿನ್ನೋದು ಅಂದೆ. ನುಗ್ಗೆಸೊಪ್ಪು, ದಾಸವಾಳದ ಎಲೆ, ಕುಂಬಳಕಾಯಿ. ಮೊಟ್ಟೆ, ಮಾಂಸ ಹಾಕಿದ್ರೆ ಕಿಡ್ನಿ ಕೆಡುತ್ತೆ. ಬಿಸಿಲು ಮಾತ್ರ ಕಡ್ಡಾಯ. ಕಿಟಕಿಯ ಗಾಜು ಯುವಿ-ಬಿ ಕಿರಣ ತಡೆಯುತ್ತೆ, ಆ ಕಿರಣ ಇಲ್ಲದಿದ್ರೆ ಮೂಳೆ ಮೆತ್ತಗಾಗುತ್ತೆ. ರಾಯಚೂರಿನ ಬಿಸಿಲಿಗೆ ಹೆದರಿ ಬೆಂಗಳೂರು ಸೇರಿದ ನಾನು ಈಗ ಸಾವಿರಾರು ರೂಪಾಯಿ ಕೊಟ್ಟು ಬಲ್ಬ್ ತಂದು ಅದೇ ಬಿಸಿಲನ್ನ ಪಂಜರದೊಳಗೆ ಮಾಡ್ತಿದ್ದೀನಿ.

ಆ ಏಟು ಮೊದಲನೆಯದಲ್ಲ. ಹೆಂಡತಿ 'ಯಾರಿಗಾದ್ರೂ ಕೊಟ್ಬಿಡಿ' ಅಂತಿದ್ದಳು. ಕೇಳಿದೆ, ನಾಲ್ಕಡಿ ಇಗ್ವಾನಾ ಯಾರಿಗೂ ಬೇಡ. ಯಾವುದಾದ್ರೂ ಪಾರ್ಕಿನಲ್ಲಿ ಬಿಟ್ಟು ಬರೋಣ ಅಂತಲೂ ಒಂದು ರಾತ್ರಿ ಅನ್ನಿಸಿತ್ತು. ಅಮೆರಿಕದ ಫ್ಲಾರಿಡಾದಲ್ಲಿ ಜನ ಹಿಂಗೇ ಬಿಟ್ಟಿದ್ದು ಬೆಳೆದು ಈಗ ತೋಟಗಳಿಗೆ ಪೀಡೆಯಾಗಿವೆ. ಚಳಿ ಜಾಸ್ತಿಯಾದ ರಾತ್ರಿ ಅವು ಮರದಿಂದ ಕಲ್ಲಿನಂಗೆ ಉದುರುತ್ತವೆ. ಅದನ್ನ ಓದಿ ಸುಮ್ಮನಾದೆ.

ಸ್ಟ್ಯಾಂಡಪ್‌ನಲ್ಲಿ ಮರ್ಯಾದೆ ಹೋದ ದಿನ ಮಾತ್ರ ಸುಮ್ಮನಾಗಲಿಲ್ಲ. ಕಾಲ್ ಮುಗಿಸಿ ಬಂದು, 'ಬಾ ಮಗನೇ' ಅಂತ ಬಾಲ ಹಿಡಿದು ಎಳೆದೆ. ಒಂದು ಗೇಣು ಬಾಲ ನನ್ನ ಕೈಯಲ್ಲೇ ಉಳಿಯಿತು. ಅದು ಒದ್ದಾಡ್ತಿತ್ತು. ಶಾಂತಪ್ಪ ಮೂಲೆ ಸೇರಿ ಕಪ್ಪಗಾಗಿ ಕೂತಿದ್ದ.

ಊರಲ್ಲಿ ಜಾಲಿ ಬೇಲಿ ಮೇಲಿನ ಓತಿಕ್ಯಾತಕ್ಕೆ ಕಲ್ಲು ಹೊಡೀತಿದ್ವಿ. ಅದು ತಲೆ ಆಡಿಸಿದ್ರೆ ನಮ್ಮನ್ನ ಅಣಕಿಸುತ್ತೆ ಅಂತ ನಂಬಿದ್ವಿ. ಇಂಜಿನಿಯರಿಂಗ್ ಓದಿಯೂ ನಾನು ಅಲ್ಲೇ ಇದ್ದೆ.

ಡಾಕ್ಟರು ರಕ್ತ ನಿಲ್ಲಿಸಿ, ಬಾಲ ಮತ್ತೆ ಬೆಳೆಯುತ್ತೆ ಅಂದರು. ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

'ಎತ್ತಿನ ಬಾಲ ತಿರುವೋದು ಕೈಲಾಗದಾಂವ ಮಾಡೋ ಕೆಲಸ ಅಂತ ನಿನಗ ಹೇಳಿದ್ದಿಲ್ಲೇನು?' ಅಂದ. ಆಮೇಲೆ, 'ಅದಕ್ಕ ಸಿಟ್ಟೆಲ್ಲಿದಲೇ? ಅಂಜಿಕಿ ಐತಿ. ಹೊಸ ಎತ್ತು ತಂದಾಗ ನಾ ಎಂಟು ದಿನ ಮೈ ಮುಟ್ತಿದ್ದಿಲ್ಲ. ಮೇವು ಹಾಕಿ ಬಾಜೂಕ ಕುಂದರ್ತಿದ್ದೆ. ಅದs ಬಂದು ಮೂಸಿ ನೋಡ್ಲಿ ಅಂತ.'

ಆಮೇಲೆ ಕೂತು ಸರಿಯಾಗಿ ಓದಿದೆ. ಇಗ್ವಾನಾದ ನಡುನೆತ್ತಿಯಲ್ಲಿ ಮೂರನೇ ಕಣ್ಣೊಂದಿದೆ. ಅದಕ್ಕೆ ಚಿತ್ರ ಕಾಣಲ್ಲ, ಬೆಳಕು ನೆರಳು ಮಾತ್ರ ತಿಳಿಯುತ್ತೆ. ಮೇಲಿಂದ ನೆರಳು ಬಿತ್ತು ಅಂದ್ರೆ ಹದ್ದು ಬಂತು ಅಂತಲೇ ಅರ್ಥ. ದಿನಾ ಮೇಲಿಂದ ಕೈ ಇಳಿಸ್ತಿದ್ದವನು ನಾನು! ಹದ್ದಿನ ನೆರಳು ಕಂಡ್ರೆ ಕೋಳಿಮರಿ ಹೆಂಗೆ ಓಡುತ್ತೆ ಅನ್ನೋದನ್ನ ಅಂಗಳದಲ್ಲಿ ನೋಡೇ ಬೆಳೆದಿದ್ದೆ.

ಶಾಂತಪ್ಪ ಹೇಳದೇ ಹೊಡೆದವನೂ ಅಲ್ಲ. ಗಂಟಲ ಕೆಳಗಿನ ಜೋಲು ಚರ್ಮ ಇಳಿಬಿಡ್ತಾನೆ, ತಲೆ ಜೋರಾಗಿ ಆಡಿಸ್ತಾನೆ, ಮೈಯನ್ನ ಎರಡೂ ಪಕ್ಕದಿಂದ ಚಪ್ಪಟೆ ಮಾಡಿ ದೊಡ್ಡವನಂಗೆ ತೋರಿಸ್ಕೊಳ್ತಾನೆ, ಬಾಲದ ತುದಿ ಅದುರಿಸ್ತಾನೆ. ಇಷ್ಟಾದರೂ ಕೇಳದಿದ್ರೆ ಏಟು. ನಾಲ್ಕು ವಾರ್ನಿಂಗ್ ಮೆಸೇಜ್ ಓದದೆ ಸಿಸ್ಟಮ್ ಕ್ರ್ಯಾಶ್ ಆಯ್ತು ಅಂತ ಬೈದವನು ನಾನೇ.

ಎಂಟು ದಿನ ಸಾಲಲಿಲ್ಲ. ಎರಡು ತಿಂಗಳು ಲ್ಯಾಪ್‌ಟಾಪ್ ಹಿಡ್ಕೊಂಡು ಪಂಜರದ ಬಾಜು ಕೂತೆ. ಕೈ ಪಕ್ಕದಿಂದ, ಕೆಳಗಿಂದ, ದಾಸವಾಳದ ಹೂವಿನ ಜೊತೆ. ತಲೆ ಆಡಿಸಿದ್ರೆ ಹಿಂದಕ್ಕೆ. ಒಂದಿನ ಅವನಾಗೇ ಬಂದು ಕೀಬೋರ್ಡ್ ಮೇಲೆ ಮಲಗಿದ. ಪ್ರೀತಿ ಅಂತೇನೂ ಭ್ರಮೆ ಇಲ್ಲ, ಲ್ಯಾಪ್‌ಟಾಪ್ ಬೆಚ್ಚಗಿತ್ತು.

ಈಗಲೂ ಬೆದೆಯ ತಿಂಗಳುಗಳಲ್ಲಿ ಮೈ ಕೇಸರಿ ಬಣ್ಣಕ್ಕೆ ತಿರುಗಿ, ಕನ್ನಡಿಯಲ್ಲಿ ತನ್ನನ್ನೇ ಕಂಡ್ರೂ ಜಗಳಕ್ಕೆ ನಿಲ್ತಾನೆ. ಆಗ ಕನ್ನಡಿಗೆ ಟವೆಲ್ ಹಾಕಿ ನಾವು ದೂರ ಇರ್ತೀವಿ. ಚೆನ್ನಾಗಿ ನೋಡ್ಕೊಂಡ್ರೆ ಹದಿನೈದು, ಇಪ್ಪತ್ತು ವರ್ಷ ಬದುಕ್ತಾನಂತೆ. ನನ್ನ ಹೋಮ್ ಲೋನ್ ಮುಗಿಯೋ ತನಕ ಅನ್ನಿ. ಇಗ್ವಾನಾ ತರ್ತೀನಿ ಅನ್ನೋ ಗೆಳೆಯರಿಗೆ ಮೊದಲು ಇದೇ ಲೆಕ್ಕ ಹೇಳ್ತೀನಿ.

ಬಾಲ ಬೆಳೆದಿದೆ. ಮೊದಲಿಗಿಂತ ಗಿಡ್ಡ, ಹಸಿರಿಲ್ಲ, ಕಪ್ಪು. ಮನೆಗೆ ಬಂದೋರು ಇದ್ಯಾಕೆ ಹಿಂಗೆ ಅಂತ ಕೇಳ್ತಾರೆ. ನಾನೇ ಮಾಡಿದ್ದು ಅಂತೀನಿ.