ಸ್ವೀಕೃತಿ ಕೊಡ್ರಿ

"ಬರ್ರಿ ಸಾವ್ಕಾರ್ರ, ಕೂಡ್ರಿ."

ಮ್ಯಾನೇಜರರು ಕರೆದದ್ದು ನಿಮ್ಮನ್ನಲ್ಲ, ನಿಮ್ಮ ಹಿಂದೆ ಬಂದ ತೊಗರಿ ವ್ಯಾಪಾರಿಯನ್ನು. ಅವರಿಗೆ ಚಹಾ ಬರುತ್ತದೆ, ಏಲಕ್ಕಿಯ ಘಮ ನಿಮ್ಮ ಮೂಗಿಗೂ ಬಡಿಯುತ್ತದೆ. ನಸುಕಿನಿಂದ ಹಂಚಿನ ಮುಂದೆ ಬೆಂದ ಮೈ ಎ.ಸಿ. ಗಾಳಿಗೆ ಸೆಟೆಯುತ್ತಿದೆ. ಪ್ಲಾಸ್ಟಿಕ್ ಕವರ್ ಅಂಗೈ ಬೆವರಿಗೆ ಅಂಟಿದೆ. ಒಳಗೆ ಉದ್ಯಮ್ ನೋಂದಣಿ, ರೊಟ್ಟಿ ಮಷಿನ್ನಿನ ಕೊಟೇಶನ್, ಜಾತಿ ಪ್ರಮಾಣಪತ್ರ. ಕಾಗದದ ಅಂಚು ಸುಟ್ಟ ಬೆರಳಿಗೆ ತಾಗಿ ಚುರ್ರೆನ್ನುತ್ತದೆ.

"ಏನವ್ವಾ, ಸಂಘದ ಸಾಲ ಏನು?"

"ಅಲ್ರಿ ಸರ. ಮಷಿನ್ ಹಾಕಬೇಕಾಗ್ಯದ. ಆರು ಲಕ್ಷ ಬೇಕ್ರಿ."

ಅರ್ಜಿಯ ಮೇಲೆ ಇಳಿಯುತ್ತಿದ್ದ ಅವರ ಪೆನ್ನು ವಿಳಾಸದ ಸಾಲಿನಲ್ಲಿ ನಿಲ್ಲುತ್ತದೆ. ಅಂಬೇಡ್ಕರ್ ನಗರ. ಕಲಬುರಗಿ ಸೀಮೆಯಲ್ಲಿ ಅಷ್ಟು ಓದಿದವರು ಜಾತಿ ಪ್ರಮಾಣಪತ್ರ ತೆರೆದು ನೋಡಬೇಕಿಲ್ಲ.

"ಯಜಮಾನ ಎಲ್ಲಿ? ಹೊಲ ಯಾರ ಹೆಸರಿನ್ಯಾಗ ಅದ?"

ಗಂಟಲು ಒಣಗುತ್ತದೆ. ಹೊಲವಿಲ್ಲ. ಮನೆ ಹಕ್ಕುಪತ್ರದ್ದು, ಅದೂ ಅತ್ತೆಯ ಹೆಸರಿನಲ್ಲಿ. ಸಣ್ಣ ಉದ್ಯಮದವರಿಗೆ 10 ಲಕ್ಷದವರೆಗೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ನಿಮಗದು ಗೊತ್ತು. ಅವರಿಗೂ ಗೊತ್ತು.

ಬೇರೊಂದು ಫಾರಂ ಮೇಜಿನ ಮೇಲೆ ಜಾರಿ ಬರುತ್ತದೆ. ಮುದ್ರಾ, ಶಿಶು ಸಾಲ, 50 ಸಾವಿರ. "ಇಲ್ಲಿ ಸಹಿ ಮಾಡು, ವಾರದಾಗ ಆಗ್ತದ."

ಪೆನ್ನು ಕೈಗೆ ಬಂದಿದೆ. ಎದೆ ಹೊಡೆದುಕೊಳ್ಳುತ್ತಿದೆ. ಈ ದುಡ್ಡಿಗೆ ಮಷಿನ್ ಬರುವುದಿಲ್ಲ, ಜೋಳಕ್ಕೂ ಕಟ್ಟಿಗೆಗೂ ಕರಗಿಹೋಗುತ್ತದೆ. ಬಿಟ್ಟರೆ ಅದೂ ಇಲ್ಲ. ಮನೆ ಬಾಗಿಲಲ್ಲಿ ವಾರದ ಕಂತಿನವರು, ನೂರಕ್ಕೆ 24ರ ಆಸುಪಾಸಿನ ಬಡ್ಡಿ. ಮುದ್ರಾ ಸಾಲಗಾರರ ಪೈಕಿ ಮೂವರಲ್ಲಿ ಇಬ್ಬರು ಹೆಂಗಸರು ಎಂದು ಸರ್ಕಾರ ಹೆಮ್ಮೆಯಿಂದ ಹೇಳುತ್ತದೆ. ಸಹಿ ಹಾಕಿದರೆ ಆ ಲೆಕ್ಕಕ್ಕೆ ನೀವೂ ಸೇರುತ್ತೀರಿ. 6 ಲಕ್ಷ ಕೇಳಿದ ಹೆಂಗಸು ಮಾತ್ರ ಯಾವ ಲೆಕ್ಕದಲ್ಲೂ ಇರುವುದಿಲ್ಲ.

ಪೆನ್ನು ಕೆಳಗಿಡುತ್ತೀರಿ.

ಪರಿಶಿಷ್ಟರ ಅರ್ಜಿಯನ್ನು ಶಾಖೆಯಲ್ಲೇ ತಿರಸ್ಕರಿಸುವಂತಿಲ್ಲ, ಕಾರಣ ಬರೆದು ಮೇಲಿನ ಅಧಿಕಾರಿಯೇ ತಿರಸ್ಕರಿಸಬೇಕು. ಇದೂ ರಿಸರ್ವ್ ಬ್ಯಾಂಕಿನದೇ ಸೂಚನೆ. (ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ತಿರಸ್ಕರಿಸುವ ಪ್ರಶ್ನೆಯೇ ಬರುವುದಿಲ್ಲವಲ್ಲ.)

"ಆಗಂಗಿಲ್ಲ ಅಂದ್ರ ಕಾರಣ ಬರದು ಮ್ಯಾಲಕ್ಕ ಕಳಸ್ರಿ ಸರ. ಈಗ ಅರ್ಜಿ ತಗೊಂಡು ಸ್ವೀಕೃತಿ ಕೊಡ್ರಿ."

ವ್ಯಾಪಾರಿಯ ಕಪ್ ಅರ್ಧದಲ್ಲೇ ನಿಲ್ಲುತ್ತದೆ. ಮ್ಯಾನೇಜರರ ಕಿವಿ ಕೆಂಪಗಾಗುತ್ತದೆ.

"ಸರ್ವರ್ ಡೌನ್ ಅದ. ಸೋಮವಾರ ಬಾ."

"ಕೈಲೇ ಬರದು ಕೊಟ್ರೂ ನಡೀತದ್ರಿ. ಕೂತಿರ್ತೀನಿ."

ಪಕ್ಕದ ಕುರ್ಚಿ ಎಳೆದು ಕೂರುತ್ತೀರಿ. ಮೇಜಿನ ಕೆಳಗೆ ಮೊಣಕಾಲು ನಡುಗುತ್ತಿದೆ, ಮೇಲಿದ್ದವರಿಗೆ ಕಾಣದು. ಯಾರೂ ಮಾತಾಡುವುದಿಲ್ಲ. ಕೊನೆಗೆ ಡ್ರಾಯರ್ ಸದ್ದು. ಸೀಲಿನ ಶಾಯಿಯ ವಾಸನೆ. ಅವರು ಬರೆಯತೊಡಗುತ್ತಾರೆ, ನೀವು ಮುಂದಕ್ಕೆ ಬಾಗುತ್ತೀರಿ.

"ಆರು ಲಕ್ಷ ಅಂತ ಅಂಕಿಯೊಳಗೂ ಬರೀರಿ ಸರ, ಅಕ್ಷರದಾಗೂ ಬರೀರಿ."