ಪಾಥೇಯ

ದಾರಿಗೆ ಕಟ್ಟಿಕೊಂಡು ಹೋಗುವ ಬುತ್ತಿಗೆ ಪಾಥೇಯವೆಂದು ಹೆಸರು. ಪಾಣಿನಿಯು ಈ ಶಬ್ದವನ್ನೂ ಆತಿಥೇಯವೆಂಬ ಶಬ್ದವನ್ನೂ ಒಂದೇ ಸೂತ್ರದಿಂದ ಸಾಧಿಸಿದ್ದಾನೆ. ಪಾಠಶಾಲೆಯಲ್ಲಿ ನಾವು ಪ್ರತ್ಯಯವನ್ನು ಕಂಠಪಾಠಮಾಡಿ ಮುಂದಕ್ಕೆ ಹೋದೆವು. ಬುತ್ತಿಗೂ ಅತಿಥಿಸತ್ಕಾರಕ್ಕೂ ಇರುವ ನಂಟನ್ನು ವಿಚಾರಮಾಡುವ ಸಂದರ್ಭ ಒದಗಿದುದು ಬಹುಕಾಲದ ಮೇಲೆ. ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು, ಅಲ್ಲಿಂದ ಅಡಿಲೇಡಿಗೆ ಸುಮಾರು 2,700 ಕಿಲೋಮೀಟರು ದೂರವನ್ನು ಮೋಟಾರು ಸೈಕಲ್ಲಿನ ಮೇಲೆ ಒಬ್ಬನೇ ಕ್ರಮಿಸುವೆನೆಂದು ತಿಳಿಸಿದಾಗ.

ಈ ವಾಹನದ ಗೀಳು ಅವನಿಗೆ ಪಿತ್ರಾರ್ಜಿತವೆಂದು ನನ್ನಾಕೆಯ ಆಕ್ಷೇಪ. ಸುಳ್ಳಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಮೋಟಾರು ಸೈಕಲ್ಲುಗಳನ್ನು ತಯಾರಿಸಿತು. 1973ರ ಮೇಲೆ ಅವುಗಳಿಗೆ ಯೆಜ್ದಿಯೆಂದು ಹೆಸರಾಯಿತು. ಅಂಥದೊಂದರ ಮೇಲೆ ಪಂಚೆ ಎತ್ತಿಕಟ್ಟಿ ಸವಳಂಗ ರಸ್ತೆಯಲ್ಲಿ ಹಲವು ವರ್ಷ ಶಾಲೆಗೆ ಹೋಗಿಬಂದವನು ನಾನು. ಅದರ ಕಿಕ್ಕರೇ ಗೇರು ಬದಲಿಸುವ ಲಿವರೂ ಆಗುತ್ತಿದ್ದುದನ್ನು ತೋರಿಸಿ, ಇದು ಶ್ಲೇಷಾಲಂಕಾರವೆಂದು ಸಹೋದ್ಯೋಗಿಗಳನ್ನು ನಗಿಸುತ್ತಿದ್ದುದುಂಟು. ನವುಲೆಯನ್ನು ದಾಟಿ ಅಬ್ಬಲಗೆರೆಯ ಕಡೆಗೆ ಹೋಗುವಾಗ ಮೊಳೆ ಚುಚ್ಚಿ ಗಾಳಿ ಇಳಿದರೆ, ನಾನು ಕೆಳಗಿಳಿಯುವುದರೊಳಗೆ, "ಏನ್ ಮೇಷ್ಟ್ರೇ, ಪಂಚರ್ರಾ?" ಎಂದು ಯಾರಾದರೊಬ್ಬರು ಗದ್ದೆಯಿಂದ ಮೇಲೇಳುತ್ತಿದ್ದರು. ನೀರು, ಕಾಫಿ, ಬೇಡದ ಸಲಹೆ, ಎಲ್ಲವೂ ದೊರೆಯುತ್ತಿದ್ದವು. ಅಂಥ ರಸ್ತೆಯಲ್ಲಿ ಪಾಥೇಯವೇಕೆ?

ಮಗನು ಹೋಗತಕ್ಕ ದಾರಿಯೇ ಬೇರೆ. ಅಲ್ಲಿಯ ಬಯಲಿಗೆ ನಲ್ಲರ್‌ಬಾರ್ ಎಂದು ಹೆಸರು. ಲ್ಯಾಟಿನ್ನಿನಿಂದ ಬಂದ ಮಾತು, ನಮ್ಮ ನಿರ್ವೃಕ್ಷವೆಂಬುದೇ ಅದರ ಅರ್ಥ. ಸುಮಾರು 2 ಲಕ್ಷ ಚದರ ಕಿಲೋಮೀಟರು ಸುಣ್ಣಕಲ್ಲಿನ ನೆಲ. ಬಿದ್ದ ಅಲ್ಪ ಮಳೆಯೂ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಐರ್ ಹೆದ್ದಾರಿಯು ಒಂದೆಡೆ 146.6 ಕಿಲೋಮೀಟರು ಒಂದು ತಿರುವೂ ಇಲ್ಲದೆ ಸಾಗುತ್ತದೆ. ಒಂದು ಬಂಕಿನಿಂದ ಮುಂದಿನದಕ್ಕೆ ಕೆಲವೆಡೆ 180 ಕಿಲೋಮೀಟರಿಗೂ ಹೆಚ್ಚು. ಶಿವಮೊಗ್ಗದಿಂದ ಹೊರಟವನಿಗೆ ಬಹುಮಟ್ಟಿಗೆ ಹುಬ್ಬಳ್ಳಿಯವರೆಗೆ ನರಪಿಳ್ಳೆ ಕಾಣದಂತೆ. ರೋಗಿಗಳನ್ನು ಒಯ್ಯುವ ವೈದ್ಯರ ವಿಮಾನ ಇಳಿಯಲೆಂದು ಆ ರಸ್ತೆಯನ್ನೇ ಅಲ್ಲಲ್ಲಿ ಅಗಲಮಾಡಿ ಗುರುತು ಬರೆದಿದ್ದಾರೆಂದು ಓದಿ, ಧೈರ್ಯ ತಾಳಬೇಕೋ ಅಂಜಬೇಕೋ ತಿಳಿಯದಾಯಿತು. 1841ರಲ್ಲಿ ಈ ಕರಾವಳಿಯನ್ನು ಹಿಡಿದು ಪಶ್ಚಿಮಕ್ಕೆ ನಡೆದ ಐರ್ ಎಂಬ ಆಂಗ್ಲನು ಬದುಕಿದುದಾದರೂ, ಮರಳುದಿಣ್ಣೆಗಳಲ್ಲಿ ನೀರು ಸಿಗುವ ತಾಣಗಳನ್ನು ಆ ನೆಲದ ಮೂಲನಿವಾಸಿಗಳು ತೋರಿಸಿಕೊಟ್ಟುದರಿಂದ. ಕೊನೆಯವರೆಗೂ ಅವನೊಡನೆ ನಡೆದು ಆಲ್ಬನಿ ಸೇರಿದ ವೈಲಿಯೂ ಅವರ ಪೈಕಿಯವನೇ. ಹೆದ್ದಾರಿಗೆ ಮಾತ್ರ ಐರನ ಹೆಸರು.

ಬೇಡವೆಂದು ಹೇಳಿಬಿಡಬೇಕೆಂದೇ ನಾನು ದೂರವಾಣಿ ಹಿಡಿದೆನು. ನನ್ನಾಕೆ ಪಕ್ಕದಲ್ಲಿ ಪಂಚಾಂಗ ತಂದಿಟ್ಟು, ಬಿಡದಿದ್ದರೆ ಮುಹೂರ್ತವನ್ನಾದರೂ ನೋಡಿರೆಂದಳು.

"ಅಪ್ಪ, ಮುಂಜಾನೆ, ಸಂಜೆ ಕಾಂಗರೂಗಳು ರಸ್ತೆಗೆ ಬರ್ತವೆ. ಹೊತ್ತೇರಿದ ಮೇಲೆ ಹೊರಟು ಹೊತ್ತಿಳಿಯೋ ಮೊದಲೇ ನಿಲ್ತೇನೆ. ಅಲ್ಲಿ ಅದೇ ಮುಹೂರ್ತ" ಎಂದನು. ಆ ಮೇಲೆ ಓದಿದ ಪಟ್ಟಿಯಲ್ಲಿ ನೀರು 10 ಲೀಟರು, ಪೆಟ್ರೋಲಿನ ಹೆಚ್ಚಿನ ಕ್ಯಾನು, ಪಂಚರು ಹಾಕುವ ಸಾಮಾನು, ಗಾಳಿ ತುಂಬುವ ಪಂಪು, ಫೋನಿಲ್ಲದ ಕಡೆ ಉಪಗ್ರಹದ ಮೂಲಕ ಸುದ್ದಿ ಕಳಿಸುವ ಯಂತ್ರ, ಎಲ್ಲವೂ ಇದ್ದವು. ಬಾಲ್ಯದಲ್ಲಿ ಬಳಪವನ್ನೂ ಮರೆತು ಶಾಲೆಗೆ ಬರುತ್ತಿದ್ದವನು ಇವನೇನೆ? ನನಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಹೋಗಿಬಾ ಎಂದೆನು. ನನ್ನಾಕೆ ಎರಡು ದಿವಸ ನನ್ನೊಡನೆ ಮಾತನಾಡಲಿಲ್ಲ.

ಪಯಣದ ಮೂರನೆಯ ದಿವಸ ಸುದ್ದಿ ಬರಲಿಲ್ಲ. ಅಲ್ಲಿ ಹೊತ್ತು ಮುಳುಗುವಾಗ ಇಲ್ಲಿ ಇನ್ನೂ ಬಿಸಿಲು. ದೇವರ ದೀಪ ಹಚ್ಚುವವರೆಗೆ ನಾವಿಬ್ಬರೂ ಜಗಲಿಯಲ್ಲಿ ಆ ಬಿಸಿಲನ್ನೇ ನೋಡುತ್ತ ಕುಳಿತೆವು. ಯಾರಿಗೂ ಊಟದ ನೆನಪಿರಲಿಲ್ಲ. ಏಳು ಗಂಟೆಯ ಮೇಲೆ ಒಂದು ಸಾಲು ಬಂದಿತು. ಯೂಕ್ಲದ ಹತ್ತಿರ ಚಕ್ರದ ಗಾಳಿ ಇಳಿದು ನಿಂತಿದ್ದ ವೃದ್ಧ ದಂಪತಿಗಳ ಗಾಡಿಗೆ ಇವನು ತನ್ನ ಪಂಪಿನಿಂದ ಗಾಳಿ ತುಂಬಿದನಂತೆ. ಅವರು ಕತ್ತಲಾಯಿತೆಂದು ತಡೆದು, ಚಹಾ ಕೊಟ್ಟು, ತಮ್ಮ ಬಿಡಾರದ ಪಕ್ಕದಲ್ಲಿಯೇ ಡೇರೆ ಹಾಕಿಸಿದರಂತೆ. ಮಾತಿನಲ್ಲಿ ಯಂತ್ರದ ಗುಂಡಿಯನ್ನು ಒತ್ತುವುದು ಮರೆತಿತಂತೆ.

"ಬರೀ ಚಹಾನೇ? ತಿನ್ನೋಕೆ ಏನು ಕೊಟ್ಟರು, ಕೇಳಿ" ಎಂದಳು ನನ್ನಾಕೆ. ಅಡಿಲೇಡು ಇನ್ನೂ 1,200 ಕಿಲೋಮೀಟರಿಗೆ ಮಿಕ್ಕಿ ದೂರವಿದ್ದಿತು.