ನೂಲು ಹೋದ ಮೇಲೆ ಉಳಿಯುವುದು

ಮೈಸೂರಿನ ದಾರಿಯಲ್ಲಿ ರಾಮನಗರವು ಸಮೀಪಿಸಿತೆಂಬುದನ್ನು ರೈಲಿನಲ್ಲಿ ಕುಳಿತವನಿಗೆ ಬಂಡೆಯ ಬೆಟ್ಟಗಳು ತಿಳಿಸುತ್ತವೆ. ಊರೊಳಗೆ ನಡೆದುಹೋಗುವವನಿಗೆ ಮೂಗು ತಿಳಿಸುತ್ತದೆ. ರೇಷ್ಮೆನೂಲು ತೆಗೆಯುವ ಮನೆಗಳ ಬೀದಿಯಲ್ಲಿ ಬೆಂದ ಹುಳುವಿನ ವಾಸನೆ ಹಗಲಿರುಳೂ ನೆಲೆಸಿರುವುದು. ಮೊದಲ ಸಲ ಬಂದಾಗ ನಾನೂ ಕರವಸ್ತ್ರವನ್ನು ಹುಡುಕಿದವನೇ.

ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾದ ಗೂಡುಗಳು ಮಧ್ಯಾಹ್ನದ ವೇಳೆಗೆ ಇಲ್ಲಿ ಬಿಸಿನೀರಿನಲ್ಲಿ ಕುಣಿಯುತ್ತಿದ್ದವು. ಎಳೆ ಬಿಚ್ಚಿಕೊಂಡಂತೆಲ್ಲ ಗೂಡು ತೆಳುವಾಗಿ, ಒಳಗಿನ ಕಂದು ಬಣ್ಣದ ಹುಳು ಕಾಣಿಸಿತು. ಇದಕ್ಕೆ ಪ್ಯೂಪಾ ಎಂದು ಹೆಸರು. ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಬೆರಳುಗಳಿಂದ ಹೆಂಗಸೊಬ್ಬಳು ಅದನ್ನು ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು. ಹಸಿ ಗೂಡಿನ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಈ ಹುಳುವಿನದೇ! ನಾವು ಬೆಲೆ ಕಟ್ಟಿ ಹಾಡಿ ಹೊಗಳುವ ರೇಷ್ಮೆಯೆಲ್ಲ ಉಳಿದ ಒಂದು ಪಾಲಿನಲ್ಲಿದೆ.

"ಇದನ್ನೇನು ಮಾಡುವಿರಿ?" ಎಂದು ಮನೆಯ ಯಜಮಾನರನ್ನು ಕೇಳಿದೆ.

"ನೀವು ಮೂಗು ಮುಚ್ಚಿಕೊಳ್ಳುವಿರಿ ಸ್ವಾಮಿ, ಕೋಳಿಗಳನ್ನು ಕೇಳಿ ನೋಡಿ!" ಎಂದು ಅವರು ನಕ್ಕರು.

ಕೋಳಿಗಳ ತೀರ್ಪು ಸರಿಯಾದುದೇ. ಒಣಗಿದ ಪ್ಯೂಪಾದಲ್ಲಿ ನೂರಕ್ಕೆ 50ರಿಂದ 60 ಪಾಲು ಪ್ರೋಟೀನು, 25ರಿಂದ 30 ಪಾಲು ಕೊಬ್ಬು ಉಂಟು. ನಮ್ಮ ಬೇಳೆಗಳಲ್ಲಿ ಪ್ರೋಟೀನು 20ರಿಂದ 25 ಮಾತ್ರ. ಎಣ್ಣೆ ತೆಗೆದ ಮೇಲೆ ಉಳಿಯುವ ಪುಡಿಯನ್ನು ಕೋಳಿಗಳ ಮತ್ತು ಸಾಕುಮೀನುಗಳ ಆಹಾರದಲ್ಲಿ, ದುಬಾರಿಯಾದ ಮೀನುಪುಡಿಯ ಬದಲಿಗೆ ಸ್ವಲ್ಪಮಟ್ಟಿಗೆ ಬೆರೆಸಬಹುದು. ಆದರೆ ಈ ಸಿರಿ ಬಹಳ ಚಂಚಲ. ಅದೇ ದಿನ ಒಣಗಿಸದಿದ್ದರೆ ಹುಳು ಕೊಳೆಯುತ್ತದೆ, ಎಣ್ಣೆ ಕಮಟುತ್ತದೆ. ಬಿಸಿಲಿಲ್ಲದ ದಿನ, ಹರಡಲು ಅಂಗಳವಿಲ್ಲದ ಮನೆಯಲ್ಲಿ, ಪುಷ್ಟಿಯೇ ಕಸವಾಗುವುದು.

ಆ ಬುಟ್ಟಿಯನ್ನು ನೋಡುತ್ತ ನನಗೆ ಹಳೆಯದೊಂದು ಊಟ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಅಸ್ಸಾಮಿನ ಒಂದು ಹಳ್ಳಿಯಲ್ಲಿ ಅತಿಥಿಯಾಗಿದ್ದೆ. ಅಲ್ಲಿ ಹರಳಿನ ಎಲೆ ತಿಂದು ಬೆಳೆಯುವ ಎರಿ ಹುಳುವನ್ನು ಸಾಕುತ್ತಾರೆ. ಅದರ ಗೂಡಿನ ಒಂದು ತುದಿ ತೆರೆದಿರುವುದರಿಂದ ಹುಳುವನ್ನು ಹೊರತೆಗೆದು ಅಡಿಗೆಗೆ ಬಳಸಿ, ಗೂಡನ್ನು ಹತ್ತಿಯಂತೆ ನೂಲುತ್ತಾರೆ. ಅಲ್ಲಿನವರಿಗೆ ಹುಳು ಉಳಿಕೆಯಲ್ಲ, ಔತಣ. ಆ ಮನೆಯ ತಾಯಿ ಹುರಿದ ಹುಳುಗಳನ್ನು ಮೊದಲು ನನಗೇ ಬಡಿಸಿದಳು. ನಾನು ತಟ್ಟೆಯನ್ನು ಮೆಲ್ಲನೆ ಬದಿಗೆ ಸರಿಸಿದೆ. ಆಕೆ ಏನೂ ಆಡಲಿಲ್ಲ. ಅದನ್ನೆತ್ತಿ ಮಕ್ಕಳಿಗೆ ಹಂಚಿದಳು. ದೂರದ ಕೊರಿಯಾದಲ್ಲಂತೂ ರೇಷ್ಮೆಯ ಪ್ಯೂಪಾವನ್ನು ಬೇಯಿಸಿ ಬೀದಿಬದಿಯಲ್ಲಿ, ಡಬ್ಬಿಗಳಲ್ಲಿಯೂ ಮಾರುತ್ತಾರೆ.

ವಾಚಕರೆಲ್ಲರೂ ನಾಳೆಯೇ ಹುಳು ತಿನ್ನಬೇಕೆಂದು ನಾನು ಹೇಳುವುದಿಲ್ಲ. ನೂಲಿನ ಮನೆಯ ಕೊಳಕು ನೀರಿನಿಂದ ತೆಗೆದದ್ದು ಮನುಷ್ಯರ ಊಟಕ್ಕೆ ತಕ್ಕುದಲ್ಲ. ಸಿಗಡಿ, ಏಡಿ ಒಗ್ಗದವರಿಗೆ ಶುಚಿಯಾದದ್ದೂ ಒಗ್ಗದಿರಬಹುದು. ಆದರೆ ಕೋಳಿಗೂ ಮೀನಿಗೂ ಸಲ್ಲಬೇಕಾದುದು ಚರಂಡಿಯ ಪಾಲಾಗದಂತೆ ಒಣಗಿಸುವ ಏರ್ಪಾಡು ಪ್ರತಿ ಬೀದಿಗೂ ಬೇಕು. ಬುಟ್ಟಿ ತುಂಬುವ ಮನೆಗೆ ಅದರಿಂದ ನಾಲ್ಕು ಕಾಸು ಹೆಚ್ಚು ಬಂದೀತು.

ಸಂಜೆ ಹೊರಡುವಾಗ ಆ ಹೆಂಗಸು ಒಂದು ಹಿಡಿ ಹುಳುಗಳನ್ನು ಅಂಗಳಕ್ಕೆ ಎಸೆದಳು. ಕೋಳಿಗಳು ಓಡಿಬಂದವು. ವಾಸನೆ ಹಾಗೆಯೇ ಇತ್ತು. ನನ್ನ ಕರವಸ್ತ್ರ ಮಾತ್ರ ಜೇಬಿನಲ್ಲಿಯೇ ಉಳಿಯಿತು.